ತಮ್ಮನಿಗೆ ಅಳೆದು ಕೊಟ್ಟದ್ದು

ತಮ್ಮ ಕುಡಿತ ಬಿಟ್ಟ ಸುದ್ದಿ ತಿಳಿದ ಮೇಲೆ ನಾನು ಅವನನ್ನು ನೋಡಲು ಸೊರಬಕ್ಕೆ ಹೋದೆ. ಹೋಗುವಾಗ ಅವನಿಗೊಂದು ಹೊಸ ಪಂಚೆ, ಒಂದು ಡಬ್ಬಿ ಕರ್ಜಿಕಾಯಿ ತೆಗೆದುಕೊಂಡಿದ್ದೆ. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿ ನಿವೃತ್ತಳಾದವಳು ನಾನು. ಶಿಕಾರಿಪುರದಲ್ಲಿ ಇದ್ದೇನೆ, ಈಗಲೂ ಗಂಟೆ ಹೊಡೆದ ಹಾಗೆ ಏಳುತ್ತೇನೆ, ಗಂಟೆ ಹೊಡೆದ ಹಾಗೆ ಉಣ್ಣುತ್ತೇನೆ. ಒಳ್ಳೆಯ ಕೆಲಸ ಮಾಡಿದವರಿಗೆ ಆ ವಾರವೇ ಬಹುಮಾನ ಕೊಡಬೇಕು, ತಡವಾದರೆ ಅದಕ್ಕೆ ಬೆಲೆಯಿಲ್ಲ ಎನ್ನುವುದು ಹಾಸ್ಟೆಲಿನಲ್ಲಿ ನನ್ನ ನಿಯಮವಾಗಿತ್ತು.

ತಮ್ಮನದು ಸೊರಬದ ಪೇಟೆಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ. ರೈತರು ತಂದು ಹಾಕುವ ಸುಟ್ಟ ಪಂಪ್‌ಸೆಟ್ ಮೋಟರನ್ನು ಬಿಚ್ಚಿ, ಕರಕಲಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಕೊಡುತ್ತಾನೆ. ಕೈ ಅಲುಗಿದರೆ ಕೆಡುವ ಕೆಲಸ. ಅವನ ಕೈ ಅಲುಗದೆ ನಿಲ್ಲಬೇಕಾದರೆ ಬೆಳಗ್ಗೆ ಎದ್ದ ಕೂಡಲೆ ಒಂದು ಪಾಕೀಟು ಬೇಕಾಗಿತ್ತು. ವೈನ್ ಶಾಪಿನಲ್ಲಿ ಸಿಗುವ ಅಗ್ಗದ ವಿಸ್ಕಿಯ ಕಾಗದದ ಡಬ್ಬಿಗೆ ಅವರು ಹಾಗೆನ್ನುತ್ತಾರೆ. ಮಧ್ಯಾಹ್ನಕ್ಕೆ ಇನ್ನೊಂದು. ಸಂಜೆಯ ಮೇಲೆ ಲೆಕ್ಕವಿರಲಿಲ್ಲ.

ಅದನ್ನು ಬಿಡಿಸಿದವಳು ಅವನ ಹೆಂಡತಿ. ಊರಾಚೆಯ ವೀರಭದ್ರನ ಗುಡಿಗೆ ಕರೆದುಕೊಂಡು ಹೋಗಿ, ಉರಿಯುವ ಕರ್ಪೂರ ಮುಟ್ಟಿಸಿ ಆಣೆ ಮಾಡಿಸಿದ್ದಳು. ಪೂಜಾರಯ್ಯನವರು ಬಲಗೈಗೆ ದಾರ ಕಟ್ಟಿದ್ದರು. ದಾರ ಕೈಮೇಲೆ ಇರುವ ತನಕ ಒಂದು ಹನಿಯೂ ತುಟಿಗೆ ತಾಗಬಾರದು, ತಾಗಿದರೆ ಮನೆಗೇ ಕೇಡು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಕೊನೆಯ ಉಪಾಯ ಇದೇ. ಉಪಾಯ ಫಲಿಸಿತಲ್ಲ ಎಂದು ನನಗೂ ಸಂತೋಷವೇ ಆಗಿತ್ತು.

ಅಂಗಡಿಗೆ ಹೋದಾಗ ಅವನು ಮೋಟರಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ತಂತಿಯ ತುದಿ ಹಿಡಿಯಲು ಹೋಗುತ್ತಾನೆ, ಬೆರಳು ಪಕ್ಕಕ್ಕೆ ಸರಿಯುತ್ತದೆ. ಮತ್ತೆ ಹೋಗುತ್ತಾನೆ, ಮತ್ತೆ ಸರಿಯುತ್ತದೆ. ನನ್ನನ್ನು ನೋಡಿ ನಕ್ಕ. ನಗುವಾಗ ಕೆಳದುಟಿ ನಡುಗಿತು.

"ಮೂರು ದಿನ ಆತಕ್ಕ. ಮುಟ್ಟಿಲ್ಲ."

"ಉಂಡಿದೀಯಾ?"

"ಸೇರಲ್ಲ."

ಹೆಂಡತಿ ಒಳಗಿಂದ ಬಂದಳು. ಅವಳ ಮುಖದಲ್ಲಿ ಎಷ್ಟೋ ವರ್ಷಗಳ ನಂತರ ಕಂಡ ಗೆಲುವು. "ವಿಷ ಇಳೀತಾ ಇದೆ ಅಕ್ಕ. ಇಷ್ಟು ವರ್ಷದ್ದು ಮೈಯಿಂದ ಹೊರಗೆ ಹೋಗ್ಬೇಕಲ್ಲ, ಬೆವರು ಬರ್ತದೆ. ಇನ್ನೆರಡು ದಿನ ಅಷ್ಟೇ" ಎಂದಳು.

ನನಗೆ ಆ ಬೆವರು ಸರಿಕಾಣಲಿಲ್ಲ. ಬೆವರುತ್ತಿದ್ದವನ ಕಣ್ಣು ಅಂಗಡಿಯ ಮೂಲೆಯಿಂದ ಮೂಲೆಗೆ ಓಡುತ್ತಿತ್ತು, ಅಲ್ಲಿ ಯಾರೋ ಇದ್ದಾರೆ ಎನ್ನುವ ಹಾಗೆ. ಚಹಾ ಕೊಟ್ಟರೆ ಲೋಟ ಹಲ್ಲಿಗೆ ಬಡಿದು ಸದ್ದಾಯಿತು. ಡಾಕ್ಟರ ಹತ್ತಿರ ಹೋಗೋಣ ಎಂದು ನಾನು ಹೇಳುತ್ತಿರುವಾಗಲೇ ಅವನು ಕುರಿಯ ಹಾಗೆ ಒಂದು ಸ್ವರ ತೆಗೆದು ಹಿಂದಕ್ಕೆ ಬಿದ್ದ. ಕೈಕಾಲು ಸೆಟೆದುಕೊಂಡು ಬಡಿಯತೊಡಗಿದವು.

"ಕಬ್ಬಿಣ ಕೊಡ್ರೀ, ಕೈಗೆ ಕಬ್ಬಿಣ ಹಿಡಿಸ್ರೀ!" ಎಂದು ಪಕ್ಕದ ಅಂಗಡಿಯವರು ಓಡಿಬಂದರು. ಆ ಅಂಗಡಿಯಲ್ಲಿ ಕಬ್ಬಿಣಕ್ಕೇನು ಬರ? ಒಬ್ಬರು ಸ್ಪ್ಯಾನರ್ ಹಿಡಿಸಿದರು, ಇನ್ನೊಬ್ಬರು ಬೀಗದ ಕೈ ಗೊಂಚಲು ತುರುಕಿದರು. ಹಾಸ್ಟೆಲಿನಲ್ಲಿ ಫಿಟ್ಸ್ ಬರುವ ಹುಡುಗಿಯೊಬ್ಬಳಿದ್ದಳು, ಆಗ ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಸ್ಪ್ಯಾನರ್ ಕಿತ್ತು ಎಸೆದೆ. ತಲೆ ಬಡಿಯದ ಹಾಗೆ ಹೊಸ ಪಂಚೆಯನ್ನೇ ಮಡಿಸಿ ಅಡಿಗಿಟ್ಟೆ. ಬಡಿತ ನಿಂತ ಮೇಲೆ ಮಗ್ಗುಲಾಗಿ ಮಲಗಿಸಿದೆ. ಬಾಯಿಂದ ನೊರೆ ಇಳಿಯಿತು. ಹೆಂಡತಿ ಅವನ ಬಲಗೈಯ ದಾರವನ್ನು ಗಟ್ಟಿಯಾಗಿ ಹಿಡಿದುಕೊಂಡು, "ಮನಸ್ಸಲ್ಲಿ ಏನೋ ನೆನೆಸಿರ್ಬೇಕು ಇವ್ರು, ದೇವ್ರಿಗೆ ಸಿಟ್ಟು ಬಂತು" ಎಂದು ಅಳುತ್ತಿದ್ದಳು.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು, ಡ್ರಿಪ್ ಹಾಕಿ ಮಲಗಿಸಿದರು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ನಿಧಾನವಾಗಿ ಮಾತಾಡುವವರು. ಮೊದಲು ಯಾವಾಗಲಾದರೂ ಕುಡಿತ ನಿಲ್ಲಿಸಿದ್ದರಾ ಎಂದು ಕೇಳಿದರು.

"ವರ್ಷಾ ವರ್ಷಾ ಶ್ರಾವಣದಲ್ಲಿ ಬಿಡ್ತಾರೆ" ಎಂದಳು ತಮ್ಮನ ಹೆಂಡತಿ. "ಅದಕ್ಕೇ ಮೇಡಂ, ಒಂದು ತಿಂಗಳು ಬಿಡೋರಿಗೆ ಪೂರಾ ಬಿಡಕ್ಕೆ ಎಂತ ಕಷ್ಟ ಅಂತ ಆಣೆ ಮಾಡ್ಸಿದ್ದು."

"ಶ್ರಾವಣದಲ್ಲಿ ಬಿಟ್ಟಾಗ ಏನಾಗ್ತಿತ್ತು?"

"ಮೊದಮೊದಲು ಸುಮ್ನೆ ನಡುಕ. ಆಮೇಲಾಮೇಲೆ ಗೋಡೆ ತುಂಬ ಹುಳ ಹರೀತವೆ ಅಂತಿದ್ರು. ಹೋದ ಸಲ ಬಚ್ಚಲಲ್ಲಿ ಬಿದ್ದಿದ್ರು. ಉಪವಾಸದ ಸುಸ್ತು ಅಂದ್ಕೊಂಡ್ವಿ."

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ಇಷ್ಟು ಕುಡಿಯೋ ದೇಹಕ್ಕೆ ಒಮ್ಮೆಲೇ ನಿಲ್ಲಿಸಿದ್ರೆ ಹೀಗಾಗುತ್ತೆ. ಪ್ರತಿ ಸಲ ನಿಲ್ಲಿಸಿದಾಗಲೂ ಜಾಸ್ತಿ ಆಗ್ತಾ ಬಂದಿದೆ. ಮುಂದಿನ ಸಲ ಜೀವಕ್ಕೇ ಬರಬಹುದು. ಶಿವಮೊಗ್ಗಕ್ಕೆ ಕಳಿಸ್ತೀನಿ. ಅಲ್ಲಿ ಒಳಗಿಟ್ಟುಕೊಂಡು, ಮಾತ್ರೆ ಕೊಟ್ಟು, ಅಪಾಯ ಇಲ್ಲದ ಹಾಗೆ ನಿಲ್ಲಿಸ್ತಾರೆ."

ಆಂಬುಲೆನ್ಸ್ ಬಂತು. ತಮ್ಮ ಹತ್ತಲಿಲ್ಲ. ಅವನ ಜೊತೆಯವನೊಬ್ಬ ಶಿವಮೊಗ್ಗಕ್ಕೆ ಹೋದವನು ಮರಳಿ ಬಂದಿರಲಿಲ್ಲವಂತೆ. ಅವನಿಗಾದದ್ದು ಬೇರೆ ಕಾಯಿಲೆ ಎಂದರೂ ಕೇಳಲಿಲ್ಲ. ನಾನು ಹಾಸ್ಟೆಲಿನ ದನಿ ತೆಗೆದೆ, ಹೆಂಡತಿ ಕಾಲು ಹಿಡಿದಳು. ಆಂಬುಲೆನ್ಸಿನ ಬಾಗಿಲಿನ ಕಂಬಿಯನ್ನು ಅಪ್ಪಿಕೊಂಡು ನಿಂತವನು ಬಿಡಲಿಲ್ಲ.

ಡಾಕ್ಟರಮ್ಮ ನನ್ನನ್ನೂ ತಮ್ಮನ ಹೆಂಡತಿಯನ್ನೂ ಪಕ್ಕಕ್ಕೆ ಕರೆದರು. "ಬಲವಂತ ಮಾಡೋಕಾಗಲ್ಲ. ನಾಳೆ ಮತ್ತೆ ಒಪ್ಪಿಸಿ ನೋಡಿ. ಒಪ್ಪಲಿಲ್ಲ ಅಂದ್ರೆ, ದಾರ ಕಟ್ಟಿದೆ ಅಂತ ಖಾಲಿ ಬಿಡಬೇಡಿ. ಇಂಜೆಕ್ಷನ್ ಬಲ ಇಳಿದ ಮೇಲೆ ನಡುಕ ಶುರುವಾಗುತ್ತೆ. ಆಗ ಊಟದ ಮೇಲೆ ಸ್ವಲ್ಪ ಸ್ವಲ್ಪ ಕೊಡಿ. ಎಷ್ಟು, ಯಾವಾಗ ಅಂತ ನಾನು ಹೇಳ್ತೀನಿ, ಅಳತೆ ನಿಮ್ಮ ಕೈಲಿರಲಿ. ಬಿಡಿಸೋ ಮಾತು ಆಮೇಲೆ. ಮೊದಲು ಉಳಿಸೋಣ."

ನಾನು ಎರಡು ಸಲ ಕೇಳಿದೆ. "ಕುಡಿಸು ಅಂತೀರಾ?"

"ಕುಡಿಸೋದು ಒಳ್ಳೇದು ಅಂತಲ್ಲ ಅಮ್ಮ. ಒಮ್ಮೆಲೇ ನಿಲ್ಸೋದು ಅದಕ್ಕಿಂತ ಕೆಟ್ಟದ್ದು ಅಂತ. ಇದು ಇವರ ದೇಹ ನೋಡಿ ಹೇಳಿದ್ದು, ಬೇರೆಯವರಿಗೆ ಇದೇ ಲೆಕ್ಕ ಹಿಡೀಬೇಡಿ. ಮತ್ತೆ ಫಿಟ್ಸ್ ಬಂದ್ರೆ, ಮಾತು ತಪ್ಪಿದ್ರೆ, ಕಾಯಬೇಡಿ, ಎತ್ತಿಕೊಂಡೇ ಬನ್ನಿ."

ಅವನನ್ನು ಮನೆಗೆ ಕರೆತಂದೆವು. ಮರುದಿನ ಬೆಳಗ್ಗೆ ನಡುಕ ಶುರುವಾಯಿತು. ಮತ್ತೆ ಶಿವಮೊಗ್ಗದ ಮಾತೆತ್ತಿದೆ. ಗೋಡೆಯ ಕಡೆ ತಿರುಗಿ ಮಲಗಿದ. ನಾನು ಸೀರೆ ಸರಿಮಾಡಿಕೊಂಡು, ವ್ಯಾನಿಟಿ ಬ್ಯಾಗು ಹಿಡಿದು ವೈನ್ ಶಾಪಿಗೆ ಹೋದೆ. ಕಂಬಿಯ ಹಿಂದೆ ಕೂತವನು ನನ್ನನ್ನು ನೋಡಿ, "ಅಜ್ಜಿ, ಮೆಡಿಕಲ್ ಶಾಪು ಆಕಡೇದು" ಎಂದ.

"ಬೋರ್ಡು ಓದಕ್ಕೆ ಬರುತ್ತೆ. ಮೋಟರ್ ಅಂಗಡಿಯವನು ನನ್ನ ತಮ್ಮ. ಅವನು ತಗೊಳ್ಳೋದು ಯಾವುದೋ ಅದನ್ನೇ ಕೊಡು."

"ದಾರ ಕಟ್ಟಿಸ್ಕೊಂಡ್ರಂತಲ್ಲ ಅವ್ರು?"

"ಕೇಳಿದ್ದು ಕೊಡು."

ಹಿಂದಿನಿಂದ ಒಬ್ಬ, "ನೋಡ್ರಪ್ಪ, ತಮ್ಮ ಬಿಟ್ಟ, ಅಕ್ಕ ಹಿಡಿದ್ಲು!" ಎಂದ. ಸುತ್ತ ಇದ್ದವರು ನಕ್ಕರು. "ಮೈಮೇಲೆ ಬೀಳ್ಬೇಡ, ಸಾಲಲ್ಲಿ ನಿಲ್ಲು" ಎಂದೆ. ನಿಂತ. ಪಾಕೀಟು ಕೈಗೆ ಬಂದಾಗ ಔಷಧಿ ಕೊಂಡು ಅಭ್ಯಾಸವಾದ ಕಣ್ಣು ತಾನಾಗಿ ತಾರೀಕು ಹುಡುಕಿತು. ಅಂಗಡಿಯವನು ಅದನ್ನು ಕಂಡ. "ಅದಕ್ಕೆ ಎಕ್ಸ್‌ಪೈರಿ ಇಲ್ಲ ಅಜ್ಜಿ, ಕುಡಿಯೋರಿಗೆ ಇರೋದು" ಎಂದ. ಎಲ್ಲರೂ ಮತ್ತೆ ನಕ್ಕರು. ಬೇಗ ಬೇಗ ಮನೆಗೆ ನಡೆದೆ.

ಮನೆಯಲ್ಲಿ ತಮ್ಮ ಗಂಜಿಯನ್ನೇನೋ ಎರಡು ಗುಟುಕು ಕುಡಿದ. ಪಾಕೀಟು ನೋಡಿದ್ದೇ ಕೈ ಹಿಂದೆ ಕಟ್ಟಿಕೊಂಡ. ಹತ್ತಾರು ವರ್ಷ ಇದಕ್ಕಾಗಿ ಹೆಂಡತಿಯ ಹತ್ತಿರ ಸುಳ್ಳು ಹೇಳಿದವನು, ಈಗ ನಾನೇ ಕೊಡುತ್ತೇನೆಂದರೆ, "ದಾರ ಇದೆ ಅಕ್ಕ, ಬ್ಯಾಡ. ಮನೆಗೆ ಕೇಡಾಗ್ತದೆ" ಎಂದು ನಡುಗುತ್ತ ಕೂತ. ಹೆಂಡತಿಯೂ ಬಾಗಿಲಿಗೆ ಅಡ್ಡ ನಿಂತಳು. ಡಾಕ್ಟರು ಹೇಳಿದ್ದನ್ನು ಅವಳೂ ಕೇಳಿದ್ದಳು. ಆದರೆ ಕರ್ಪೂರ ಮುಟ್ಟಿದ್ದನ್ನೂ ಕಂಡಿದ್ದಳು. ದಾರ ಕಟ್ಟಿದವರೇ ಬಿಚ್ಚಬೇಕು, ಬೇರೆ ದಾರಿಯಿಲ್ಲ ಎಂದಳು. ಆಟೋ ಮಾಡಿಕೊಂಡು ಗುಡಿಗೆ ಹೋದೆವು. ದಾರಿಯುದ್ದಕ್ಕೂ ನಾನು ಅವನ ಕೈಯನ್ನು ನನ್ನ ತೊಡೆಯ ಮೇಲೆ ಒತ್ತಿ ಹಿಡಿದಿದ್ದೆ.

ಪೂಜಾರಯ್ಯನವರು ನನ್ನ ಮಾತನ್ನೆಲ್ಲ ಕೇಳಿದರು. "ಬಿಡಾಕ ಅಂತ ದಾರ ಕಟ್ಟೀನಿ ತಾಯಿ, ಕುಡ್ಯಾಕ ಅಂತ ಯಾವತ್ತೂ ಬಿಚ್ಚಿಲ್ಲ. ನಾನ್ಯಾರು ಬಿಚ್ಚಾಕ? ವೀರಭದ್ರನ್ನೇ ಪ್ರಸಾದ ಕೇಳೋಣು" ಎಂದರು. ಪ್ರಸಾದ ಕೇಳುವುದೆಂದರೆ, ಹಸಿ ಹೂವನ್ನು ದೇವರ ಎದೆಯ ಎರಡೂ ಕಡೆ ಅಂಟಿಸಿ ಕಾಯುವುದು. ಬಲದ್ದು ಬಿದ್ದರೆ ಒಪ್ಪಿಗೆ, ಎಡದ್ದು ಬಿದ್ದರೆ ಇಲ್ಲ. ಅಂಟಿಸಿದರು. ನಾವು ಕಾದೆವು.

ಹೂವು ಬೀಳಲಿಲ್ಲ. ತಮ್ಮ ಕಂಬಕ್ಕೆ ಒರಗಿ ಕೂತಿದ್ದ. ನಡುಕ ಕೈಯಿಂದ ಭುಜಕ್ಕೆ ಏರಿತ್ತು. ಒಮ್ಮೆ ಎಡದ ಹೂವು ಸ್ವಲ್ಪ ಜಾರಿತು. ಅದು ಅಲ್ಲೇ ಅಂಟಿಕೊಂಡಿತು. ತಮ್ಮ, "ಅಲ್ಲಿ ಯಾರಕ್ಕ, ದೀಪದ ಹಿಂದೆ?" ಎಂದ. ದೀಪದ ಹಿಂದೆ ಗೋಡೆಯಿತ್ತು.

"ಬಲಕ್ಕೆ ಕೊಡಪ್ಪ" ಎಂದರು ಪೂಜಾರಯ್ಯನವರು. ಅವರ ದನಿಯಲ್ಲಿಯೂ ಗಾಬರಿಯಿತ್ತು. ಎರಡು ಹೂವೂ ಕದಲಲಿಲ್ಲ. "ಇವತ್ತು ಮಾತಾಡವಲ್ಲ. ನಾಳೆ ಬೆಳಗ್ಗೆ ಬರ್ರಿ."

"ನಾಳೆ ತನಕ ಇವನು ತಡೆಯಲ್ಲ" ಎಂದೆ.

ಆಗ ತಮ್ಮನ ಹೆಂಡತಿ ಎದ್ದಳು. ದೇವರ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಗಂಡನ ಮುಂದೆ ಕೂತು, ಅವನ ಮುಂಗೈ ಹಿಡಿದು, ದಾರದ ಗಂಟಿಗೆ ಹಲ್ಲು ಹಾಕಿದಳು. ಅವನು ಕೈ ಎಳೆದುಕೊಳ್ಳಲು ನೋಡಿದ. "ಸುಮ್ನಿರ್ರಿ! ಆಣೆ ಮಾಡ್ಸಿದೋಳು ನಾನು. ಬರೋದೆಲ್ಲ ನಂಗೇ ಬರ್ಲಿ" ಎಂದಳು. ನೂಲು ಎಳೆಎಳೆಯಾಗಿ ಹರಿಯಿತು. ಪೂಜಾರಯ್ಯನವರು ದೀಪಕ್ಕೆ ಎಣ್ಣೆ ಹಾಕುವವರಂತೆ ನಮಗೆ ಬೆನ್ನು ಮಾಡಿ ನಿಂತರು. ದೀಪದಲ್ಲಿ ಎಣ್ಣೆ ತುಂಬಿತ್ತು.

ಗುಡಿಯ ಕಟ್ಟೆ ಇಳಿದು, ಆಟೋದಲ್ಲಿ ಕೂರಿಸಿ, ಕೆಮ್ಮಿನ ಔಷಧಿಯ ಜೊತೆ ಬಂದಿದ್ದ ಅಳತೆಯ ಮುಚ್ಚಳದಲ್ಲಿ ಪಾಕೀಟಿನದನ್ನು ಹೊಯ್ದು ಅವನ ಬಾಯಿಗೆ ಹಿಡಿದೆ. ಆಟೋದವನು ಕನ್ನಡಿಯನ್ನು ಮೇಲಕ್ಕೆ ತಿರುಗಿಸಿಕೊಂಡ. ತಮ್ಮ ಕಣ್ಣು ಮುಚ್ಚಿ ನುಂಗಿದ. ಅತ್ತ.

ಅಲ್ಲಿಂದ ಮುಂದೆ ನಾನು ಸೊರಬದಲ್ಲೇ ಉಳಿದೆ. ಅವನ ದಿನವನ್ನು ಹಾಸ್ಟೆಲಿನ ದಿನದ ಹಾಗೆ ಕತ್ತರಿಸಿ ಜೋಡಿಸಿದೆ. ಮೊದಲು ಗಂಜಿಯೋ ರೊಟ್ಟಿಯೋ, ಆಮೇಲೆ ಡಾಕ್ಟರಮ್ಮ ಕೊಟ್ಟ ವಿಟಮಿನ್ ಮಾತ್ರೆ, ಆಮೇಲೆ ಮುಚ್ಚಳದ ಅಳತೆ, ಮೇಲೊಂದು ಲೋಟ ನೀರು. ಪಾಕೀಟುಗಳು ಟ್ರಂಕಿನಲ್ಲಿ, ಬೀಗದ ಕೈ ನನ್ನ ಸೊಂಟದಲ್ಲಿ. ಬೈಕಿನ ಕೀ ಹೆಂಡತಿಯ ಹತ್ತಿರ. ಸುತ್ತಿದ ಮೋಟರಿಗೆ ಕರೆಂಟು ಕೊಟ್ಟು ನೋಡುವ ಕೆಲಸವನ್ನು ಅವನು ಮಾಡುವ ಹಾಗಿಲ್ಲ. ಮೇನ್ ಸ್ವಿಚ್ ಒತ್ತುವುದನ್ನು ಹೆಂಡತಿ ಕಲಿತಳು.

"ವಾರ್ಡನಮ್ಮ, ಗಂಟೆ ಹೊಡೀಲಿಲ್ಲವಾ ಇನ್ನೂ?" ಎಂದು ತಮ್ಮ ಅಂಗಡಿಯಿಂದಲೇ ಕೂಗುತ್ತಿದ್ದ.

"ರೊಟ್ಟಿ ಮುಗಿದ್ರೆ ಹೊಡಿಯುತ್ತೆ."

"ಹಾಸ್ಟೆಲ್ ಹುಡುಗೀರು ಹೆಂಗೆ ಬದುಕಿದ್ರೋ!"

ಪೇಟೆಯಲ್ಲಿ ಮಾತು ಬೇರೆ ಇತ್ತು. ಆಣೆ ಮಾಡಿದ ಕೈಗೆ ಅಕ್ಕನೇ ಲೋಟ ಕೊಡುತ್ತಾಳಂತೆ ಎಂದು ನನಗೆ ಕೇಳುವ ಹಾಗೆಯೇ ಹೇಳಿದರು. ಅದು ಕಿವಿಗೆ ಬಿದ್ದು ಹೋಗುತ್ತಿತ್ತು. ಹೋಗದೆ ಉಳಿಯುತ್ತಿದ್ದದ್ದು ಅವನ ಉಸಿರಾಟದ ಸದ್ದು. ಮಧ್ಯಾಹ್ನ ಮಲಗಿದಾಗ ಅದು ಒಂದು ಕ್ಷಣ ತಡೆದರೆ ನಾನು ಅಕ್ಕಿ ಆರಿಸುವುದನ್ನು ಬಿಟ್ಟು ಹೋಗಿ ನಿಲ್ಲುತ್ತಿದ್ದೆ.

ಒಂದು ಸಂಜೆ ಮೋಟರ್ ತಂದಿದ್ದ ರೈತನ ಗಾಡಿ ಹತ್ತಿ ಹೋದವನು ಕತ್ತಲಾಗುವಾಗ ತೂರಾಡುತ್ತ ಬಂದ. ಹೆಂಡತಿ ಮಾತು ಬಿಟ್ಟಳು. ಮರುದಿನ ಬೆಳಗ್ಗೆ ಮುಚ್ಚಳ ಕೈಯಲ್ಲಿ ಹಿಡಿದ ನನಗೆ, ನಿನ್ನೆ ಹೆಚ್ಚು ಕುಡಿದವನಿಗೆ ಇವತ್ತು ಅರ್ಧ ಸಾಕು ಅನ್ನಿಸಿತು. ತಪ್ಪು ಮಾಡಿದ ಹುಡುಗಿಗೆ ಭಾನುವಾರದ ಸಿಹಿ ನಿಲ್ಲಿಸಿಯೇ ನಾನು ಶಿಸ್ತು ಕಲಿಸಿದ್ದು. ಆದರೆ ಡಾಕ್ಟರಮ್ಮ ಹೇಳಿದ್ದರು, ಶಿಕ್ಷೆ ಅಂತ ಕಡಿಮೆ ಮಾಡಬೇಡಿ, ಕಡಿಮೆ ಮಾಡುವುದು ನನ್ನನ್ನು ಕೇಳಿಯೇ ಎಂದು. ಅಳತೆಯ ಗೆರೆಗೆ ಸರಿಯಾಗಿ ಹೊಯ್ದು ಕೊಟ್ಟೆ. ಅವನು ನನ್ನ ಮುಖ ನೋಡಿದ. ಬೈಗುಳಕ್ಕೆ ಕಾಯುತ್ತಿದ್ದ ಎಂದು ಕಾಣುತ್ತದೆ. "ರೊಟ್ಟಿ ಇನ್ನೊಂದು ಹಾಕ್ಲಾ?" ಎಂದೆ.

ಅಳತೆ ನಿಧಾನವಾಗಿ ಇಳಿಯಿತು. ಒಂದು ಹಂತಕ್ಕೆ ಬಂದು ನಿಂತಿತು. ಶಿಕಾರಿಪುರದ ಆಸ್ಪತ್ರೆಗೆ ವಾರಕ್ಕೊಮ್ಮೆ ಮನೋವೈದ್ಯರೊಬ್ಬರು ಬರುತ್ತಾರೆ, ಅವರ ಹತ್ತಿರ ಹೋಗುವುದಕ್ಕೆ ತಮ್ಮ ಒಪ್ಪಿದ. ಶಿವಮೊಗ್ಗವೆಂದರೆ ಆಗದು, ಶಿಕಾರಿಪುರವೆಂದರೆ ಅಕ್ಕನ ಊರು. ಮೊದಲ ಸಲ ಇಬ್ಬರೂ ಬಸ್ಸು ಹತ್ತಿದೆವು. ಬೆಳಗಿನ ಅಳತೆ ಮುಗಿಸಿ ಹೊರಟಿದ್ದೆವು, ಮುಂದಿನದು ನನ್ನ ಮನೆಯಲ್ಲಿ ಊಟದ ಮೇಲೆ. ಹೆಚ್ಚುಕಡಿಮೆಯಾದರೆ ಇರಲೆಂದು ಬ್ಯಾಗಿನಲ್ಲಿ ಒಂದು ಪಾಕೀಟೂ ಮುಚ್ಚಳವೂ ಇದ್ದವು.

ಶಿರಾಳಕೊಪ್ಪ ದಾಟಿದ ಮೇಲೆ ಬಸ್ಸಿನ ಚಕ್ರ ಪಂಕ್ಚರಾಯಿತು. ಎಲ್ಲರೂ ಇಳಿದೆವು. ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಒಣಹಾಕಿದ್ದರು, ಅದನ್ನು ತುಳಿಯದ ಹಾಗೆ ಸಾಲಾಗಿ ನಿಂತೆವು. ನಟ್ಟು ಬಿಚ್ಚಲಾಗದೆ ಡ್ರೈವರ್ ಬೆವರುತ್ತಿದ್ದ. ಹಿಂದಿನ ಬಸ್ಸು ಬರಲಿಲ್ಲ. ಬಿಸಿಲು ಏರಿತು. ತಮ್ಮನ ಮೇಲ್ದುಟಿಯ ಮೇಲೆ ಬೆವರಿನ ಹನಿ ಮೂಡಿದ್ದನ್ನು ಕಂಡೆ. ಅದು ಬಿಸಿಲಿನದೇ ಇರಲಿ ಎಂದುಕೊಂಡೆ. ಆಮೇಲೆ ಅವನು ಒಂದು ಕಲ್ಲಿನ ಮೇಲೆ ಕೂತು, ಎರಡೂ ಅಂಗೈಗಳನ್ನು ಮಂಡಿಯ ನಡುವೆ ಒತ್ತಿಕೊಂಡ.

ಆಗಲೇ ಒಬ್ಬಳು, "ಮೇಡಂ! ನೀವಾ?" ಎಂದು ಬಂದು ಕಾಲು ಮುಟ್ಟಿದಳು. ನನ್ನ ಹಾಸ್ಟೆಲಿನಲ್ಲಿದ್ದವಳು, ಈಗ ತಲೆಗೂದಲಲ್ಲಿ ಒಂದೆರಡು ಬಿಳಿಯಾಗಿವೆ. ಸುತ್ತ ಇದ್ದವರಿಗೆಲ್ಲ, "ನಮ್ ವಾರ್ಡನ್ ಇವ್ರು. ಇವ್ರು ಬಂದ್ರೆ ಫ್ಯಾನೂ ಸದ್ದು ಮಾಡ್ತಿರ್ಲಿಲ್ಲ" ಎಂದು ಹೇಳಿದಳು. ಜನ ನನ್ನ ಕಡೆ ಗೌರವದಿಂದ ನೋಡಿದರು. ನನ್ನ ಬೆರಳು ಬ್ಯಾಗಿನ ಜಿಪ್ಪಿನ ಮೇಲೆ ನಿಂತುಬಿಟ್ಟಿತು.

"ಅಕ್ಕ" ಎಂದ ತಮ್ಮ. ಅಷ್ಟೇ ಎಂದದ್ದು.

ಜಿಪ್ಪು ಎಳೆದೆ. ಪಾಕೀಟು ಹೊರಗೆ ತೆಗೆದೆ. ವಾಸನೆ ಹರಡಿತು. ನೆರಳಲ್ಲಿ ನಿಂತಿದ್ದ ಮುದುಕರೊಬ್ಬರು, "ಕಾಲ ಕೆಟ್ಟೋತು ಬಿಡ್ರಪ್ಪ, ಹೆಣ್ಮಕ್ಕಳೂ ಬ್ಯಾಗಿನ್ಯಾಗ ಇಟ್ಕಂಡು ತಿರಗಾಕ ಹತ್ಯಾರ" ಎಂದರು. ಕಂಡಕ್ಟರ್ ಅಲ್ಲಿಂದಲೇ, "ಅಮ್ಮಾರೆ, ಬಸ್ಸಿನ ಹತ್ರ ಅದೆಲ್ಲ ಬ್ಯಾಡ್ರೀ" ಎಂದ. ಆ ಹುಡುಗಿ, ಹುಡುಗಿಯೇನು, ನಡುವಯಸ್ಸಿನ ಹೆಂಗಸು, ಮೊದಲು ನನ್ನ ಕೈ ನೋಡಿದಳು. ಆಮೇಲೆ ತಮ್ಮನ ಕೈ ನೋಡಿದಳು.

"ತಡೀರಿ ಮೇಡಂ. ಏನಾದ್ರೂ ತಿಂದಿದಾರಾ?"

"ಬೆಳಗ್ಗೆ ತಿಂದದ್ದು."

ಅವಳು ತನ್ನ ಚೀಲದಿಂದ ಬುತ್ತಿ ತೆಗೆದು, ರೊಟ್ಟಿಗೆ ಶೇಂಗಾಚಟ್ನಿ ಹಚ್ಚಿ, ಸುರುಳಿ ಮಾಡಿ ತಮ್ಮನ ಬಾಯಿಯ ಹತ್ತಿರ ಹಿಡಿದಳು. "ಬರೇ ಹೊಟ್ಟೇಲಿ ಬ್ಯಾಡ್ರೀ ಅಣ್ಣ. ನಮ್ಮೋರು ಬರೇ ಹೊಟ್ಟೇಲಿ ಹಾಕಿ ಹಾಕೀನೇ ರಕ್ತ ಕಾರಿದ್ರು." ಅವನು ತಿಂದ. ಅವಳು ಜನರಿಗೂ ನಮಗೂ ನಡುವೆ ಸೆರಗು ಹರಡಿಕೊಂಡು ನಿಂತಳು. ನಾನು ಗೆರೆಯ ತನಕ ಅಳೆದೆ. ಎರಡು ಹನಿ ನನ್ನ ಬೆರಳಿಗೆ ಚೆಲ್ಲಿತು.

ಅವನ ಭುಜ ಇಳಿಯುವುದನ್ನೇ ನೋಡುತ್ತ ಕೂತೆ. ಇಳಿಯಿತು.

"ಇಷ್ಟೇ ಕೊಡೋದಾ ಮೇಡಂ? ಯಾರು ಹೇಳಿದ್ದು?" ಎಂದು ಅವಳು ಮೆಲ್ಲಗೆ ಕೇಳಿದಳು. ಡಾಕ್ಟರು ಎಂದೆ. ಇದು ಇವನ ಅಳತೆ, ನಿಮ್ಮ ಯಜಮಾನರಿಗೆ ಅವರನ್ನೇ ನೋಡಿ ಹೇಳಬೇಕು ಎಂದೆ. ಈಗ ಹೋಗುತ್ತಿರುವುದೂ ಒಬ್ಬ ಡಾಕ್ಟರ ಹತ್ತಿರವೇ ಎಂದೆ.

"ನಾನೊಬ್ಳೇ ಬಂದ್ರೆ ಮಾತಾಡ್ತಾರಾ? ನಮ್ಮೋರು ಬರಲ್ಲ."

"ಮಾತಾಡ್ತಾರೆ."

"ಬೈತಾರಾ?"

"ಇಲ್ಲ."

ಚಕ್ರ ಬದಲಾಯಿಸಿ ಬಸ್ಸು ಹೊರಟಿತು. ತಮ್ಮ ಕಿಟಕಿಗೆ ತಲೆಯಾನಿಸಿ ನಿದ್ದೆಹೋದ. ನಾನು ಅವನ ಅಂಗಿಯ ಗುಂಡಿ ಏರಿಳಿಯುವುದನ್ನು ನೋಡುತ್ತಿದ್ದೆ. ಮುಂದಿನ ಸೀಟಿನಲ್ಲಿ ಅವಳು ಫೋನಿನಲ್ಲಿ, "ಸಂತೆಗೆ ಹೋಗ್ತಿಲ್ಲ ಅತ್ತೆ, ಬ್ಯಾರೆ ಕೆಲಸ ಐತಿ, ಬರಾದು ತಡ ಆಕತಿ. ಅವ್ರಿಗೆ ಮೊದ್ಲು ಉಣ್ಣಾಕ ಇಡ್ರಿ" ಎನ್ನುತ್ತಿದ್ದಳು.